ಮುಗ್ಗಲು ಎಂಬ ಅಡ್ಡಹೆಸರು

ಹೆಸರಿಡುವುದು ಎಂದರೆ ನಮ್ಮಲ್ಲಿ ಎರಡು ಕೆಲಸ. ಒಂದು, ಕೂಸನ್ನು ತೊಟ್ಟಿಲಿಗೆ ಹಾಕಿ ಅದರ ಕಿವಿಯಲ್ಲಿ ಉಸುರುವುದು. ಇನ್ನೊಂದು, ಬೆಳೆದ ಮನುಷ್ಯನ ಹುಳುಕನ್ನು ಎತ್ತಿ ನಾಲ್ಕು ಮಂದಿಯ ಮುಂದೆ ಇಡುವುದು. ಮೊದಲನೆಯದನ್ನು ನನ್ನ ಮಕ್ಕಳಿಗೆ ಮಾಡಿದ್ದೇನೆ. ಎರಡನೆಯದನ್ನು ಅಮೆರಿಕದಲ್ಲಿ ಒಬ್ಬ ಗೋಧಿ ವ್ಯಾಪಾರಿಗೆ ಮಾಡಿದೆ. ಅವನ ತಂದೆತಾಯಿ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೊತನಕ ಎಷ್ಟೋ ಮಂದಿಗೆ ಗುರುತು ಹತ್ತಲಿಕ್ಕಿಲ್ಲ. ನಾನಿಟ್ಟ ಹೆಸರು ಹೇಳಿದರೆ ಹತ್ತುತ್ತದೆ.

ನಾನು ಕಲಿತದ್ದು ಮೂರನೇ ಇಯತ್ತೆ. ಈ ಬರಹದ ಒತ್ತು, ದೀರ್ಘ ಎಲ್ಲ ಮಗಳು ತಿದ್ದಿದ್ದಾಳೆ. ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಹೇಳಿ ಕೊಟ್ಟಿದ್ದೇನೆ.

ಗಂಡ ತೀರಿಕೊಂಡ ಮೇಲೆ ನಾನು ರಾಂಚೊ ಬರ್ನಾರ್ಡೊದಲ್ಲಿರುವ ಮಗಳ ಮನೆಗೆ ಬಂದೆ. ನ್ಯೂಯಾರ್ಕಿನಲ್ಲಿ ಆ ಎರಡು ದೊಡ್ಡ ಕಟ್ಟಡ ಬಿದ್ದ ಮರುವರ್ಷ. ಮೊಮ್ಮಗಳು ಆಗ ಸಣ್ಣ ಶಾಲೆಯ ಹುಡುಗಿ. ಅಳಿಯ ಎಂಜಿನಿಯರು, ಬೆಳಿಗ್ಗೆ ಕಾರು ಹತ್ತಿದರೆ ಸಂಜೆಗೆ ಬರುವವನು. ಮಗಳೂ ಮೊದಲು ಆಫೀಸಿಗೆ ಹೋಗುತ್ತಿದ್ದಳು. ಅಲ್ಲಿ ಮಂದಿಯನ್ನು ತೆಗೆದಾಗ ಇವಳನ್ನೂ ತೆಗೆದರು. ಮನೆಯಲ್ಲಿ ಕೂತು ಅಳುವ ಜಾತಿಯವಳಲ್ಲ. ಕೆನಡಾದ ಬಯಲುಸೀಮೆಯ ರೈತರಿಂದ ಗೋಧಿ ತರಿಸಿ, ಲಾಸ್ ಏಂಜಲೀಸಿನ ಸುತ್ತ ನಮ್ಮ ಮಂದಿಗೆ ಚಪಾತಿ ಹಿಟ್ಟು ಮಾಡುವ ಗಿರಣಿಗಳಿಗೆ ಕೊಡಿಸುವ ದಂಧೆ ಹಿಡಿದಳು. ಒಂದು ಫೋನು, ಒಂದು ಕಂಪ್ಯೂಟರು, ಗ್ಯಾರೇಜಿನ ಮೂಲೆಯಲ್ಲಿ ಒಂದು ಮೇಜು. ಅಷ್ಟೇ ಅವಳ ಅಂಗಡಿ.

ಅಷ್ಟೇ ಅಲ್ಲ, ನಾಲಿಗೆಯೂ ಇತ್ತು. ಅಲ್ಲಿಯ ರೈತ ಇವಳ ಮುಖ ನೋಡಿದವನಲ್ಲ. ಇವಳು ಫೋನಿನಲ್ಲಿ "ಕಳಿಸಿ" ಎಂದರೆ ಲಾರಿ ಹೇರಬೇಕು; ಗಿರಣಿಯವನು ಇವಳು "ಒಳ್ಳೆಯದು" ಎಂದರೆ ಇಳಿಸಿಕೊಳ್ಳಬೇಕು. ಆ ಮಾತು ಹೋದರೆ ಮೇಜು, ಕಂಪ್ಯೂಟರು ಎರಡೂ ಕಟ್ಟಿಗೆಗೆ ಸಮ.

ಆ ವ್ಯಾಪಾರದ ರೀತಿ ನನಗೆ ವಿಚಿತ್ರವಾಗಿತ್ತು. ಆಗ ಕೆನಡಾದಲ್ಲಿ ಗೋಧಿ ಬೆಳೆದವನು ಅದನ್ನು ನೇರವಾಗಿ ಗಡಿ ದಾಟಿಸುವಂತಿರಲಿಲ್ಲ. ಅಲ್ಲಿ ಸರಕಾರದ್ದೊಂದು ಗೋಧಿ ಮಂಡಳಿ. ಅದಕ್ಕೆ ಮಾರಿದೆ ಎಂದು ತೋರಿಸಬೇಕು, ಆ ಮೇಲೆ ಅದೇ ಗೋಧಿಯನ್ನು ಅದರಿಂದ ತಿರುಗಿ ಕೊಂಡೆ ಎಂದು ತೋರಿಸಬೇಕು, ಅದಾದ ನಂತರ ಲಾರಿ. ಗೋಧಿ ಮಾತ್ರ ಅವನ ಕಣಜದಿಂದ ಅಲುಗಿರುವುದಿಲ್ಲ.

"ತನ್ನ ಕೂಸನ್ನ ತಾನಽ ದತ್ತಕ ತಗೊಂಡಂಗಾತಲ್ಲ!" ಎಂದೆ ನಾನು.

"ಹಂಗಽ ಯವ್ವಾ," ಎಂದು ನಕ್ಕಳು ಮಗಳು. "ಮ್ಯಾಲೆ ಗಡಿಯೊಳಗ ಈಗ ಚೆಕಿಂಗ್ ಬ್ಯಾರೆ. ಲಾರಿ ಬರೂಕಿಂತ ಮುಂಚೇನಽ ಅವರಿಗೆ ತಿಳಿಸಬೇಕು. ಒಂದು ಅಕ್ಷರ ತಪ್ಪಿದ್ರ ಡ್ರೈವರ್ ಅಲ್ಲೇ ಸೈಡಿಗೆ."

ಇಷ್ಟೆಲ್ಲ ದಾಟಿ ಬರುವ ಗೋಧಿ ನಮ್ಮ ಬನ್ಸಿ ಗೋಧಿಯ ಅಕ್ಕನಂತಿತ್ತು. ಉದ್ದ ಕಾಳು, ಜೇನಿನ ಬಣ್ಣ, ಹಲ್ಲಿಗೆ ಗಟ್ಟಿ. ಅದನ್ನು ಬೆಳೆಯುತ್ತಿದ್ದ ಮುದುಕ ಒಮ್ಮೆ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಜನವರಿ, ಅವನ ಊರಿನಲ್ಲಿ ಮೊಣಕಾಲುಮಟ ಹಿಮ. ನಾನು ಸ್ವೆಟರ್ ಹಾಕಿಕೊಂಡು ಕೂತಿದ್ದರೆ ಅವನು ಅರ್ಧ ತೋಳಿನ ಅಂಗಿಯಲ್ಲಿ ಹಿತ್ತಿಲಲ್ಲಿ ಅಡ್ಡಾಡಿದ. ನನಗೆ ಅವನ ಮಾತು ಬಾರದು, ಅವನಿಗೆ ನನ್ನದು ಬಾರದು. ಅವನು ಕಿಸೆಯಿಂದ ಒಂದು ಹಿಡಿ ಗೋಧಿ ತೆಗೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ನಾನೂ ಕೈ ಒಡ್ಡಿದೆ. ಇಬ್ಬರೂ ಅಗಿಯುತ್ತ ಕೂತೆವು. ಅಗಿದಗಿದು ಅಂಟಾದ ಮೇಲೆ ಅವನು ನಾಲಿಗೆಯ ಮೇಲೆ ಅದನ್ನು ಇಟ್ಟು ತೋರಿಸಿದ. ನಾನೂ ತೋರಿಸಿದೆ. ಎತ್ತು ಮೇಯಿಸುವಾಗ ನಾವೂ ಹೊಲದಲ್ಲಿ ಇದನ್ನೇ ಮಾಡುತ್ತಿದ್ದೆವು. ಅವನ ಹೆಂಡತಿ ಹಣೆ ಚಚ್ಚಿಕೊಂಡಳು. ಮೊಮ್ಮಗಳು "ಅಜ್ಜಿ, ದಟ್ಸ್ ಸೋ ಗ್ರೋಸ್!" ಎಂದು ಹೇಸಿಕೊಂಡು ಕಿರುಚಿ ಒಳಗೆ ಓಡಿದಳು. ಆ ಮಧ್ಯಾಹ್ನ ಅವರಿಗೆ ಗೋಧಿ ಹುಗ್ಗಿ ಬಡಿಸಿದೆ. ಮುದುಕ ಮೂರು ಸಲ ಹಾಕಿಸಿಕೊಂಡ. ತನ್ನ ಗೋಧಿ ಇಷ್ಟು ರುಚಿಯಾಗಬಹುದೆಂದು ತನಗೇ ಗೊತ್ತಿರಲಿಲ್ಲ ಎಂದನಂತೆ.

ಇನ್ನು ನಾನು ಹೆಸರಿಟ್ಟ ಆ ವ್ಯಾಪಾರಿ. ಲಾಂಗ್ ಬೀಚ್ ಹತ್ತಿರ ಅವನ ಗೋದಾಮು, ಗೋದಾಮಿನೊಳಗೇ ಗಿರಣಿ. ಬೆಂಗಳೂರಿನವನು. ಅಲ್ಲಿಯ ಕನ್ನಡಿಗರ ಯುಗಾದಿಯ ಕಾರ್ಯಕ್ರಮಕ್ಕೆ ವರ್ಷವೂ ಹಿಟ್ಟು, ಬೇಳೆ ಪುಗಸಟ್ಟೆ ಕೊಟ್ಟು, ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುವವನು. ಮೊದಲ ಸಲ ಕಂಡಾಗ ನನ್ನ ಕಾಲು ಮುಟ್ಟಿದ.

"ಆಂಟಿ, ನೀವು ನಮ್ಮ ತಾಯಿ ಇದ್ದ ಹಾಗೆ," ಎಂದ.

ತಾಯಿ ಇದ್ದ ಹಾಗೆ ಎನ್ನುವವರ ಕೈ ಎಲ್ಲಿದೆ ಎಂದು ನೋಡುತ್ತಿರಬೇಕು. ನಾನು ನೋಡಲಿಲ್ಲ.

ಅವನಿಗೆಂದು ಮಗಳು ಮುದುಕನ ಹೊಲದ ಗೋಧಿ ಒಂದು ಲಾರಿ ತರಿಸಿದಳು. ದರ ಮೊದಲೇ ಮಾತಾಗಿತ್ತು. ಲಾರಿ ಹೊರಟ ಮೇಲೆ ಪೇಟೆಯಲ್ಲಿ ಗೋಧಿಯ ದರ ಇಳಿಯಿತು. ಅದು ನನಗೆ ಆಮೇಲೆ ತಿಳಿದದ್ದು. ಲಾರಿ ಮುಟ್ಟುವ ದಿನ ಮಗಳು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಗೋದಾಮಿನ ಬಾಗಿಲಿಗೆ ಲಾರಿಯ ಬೆನ್ನು ಹಚ್ಚಿ ನಿಲ್ಲಿಸಿದ್ದರು. ಡ್ರೈವರ್ ಸರದಾರ್ಜಿ, ದಾರಿ ಸವೆಸಿ ಕಣ್ಣು ಕೆಂಪಾಗಿದ್ದವು. ಎದೆಯೆತ್ತರದ ಚೀಲಗಳು. ನಮ್ಮ ಶಾಲು ಹೊದೆಯುವವನು ಒಂದು ಚೀಲದ ಬಾಯಿ ಬಿಚ್ಚಿಸಿ, ಒಂದು ಹಿಡಿ ತೆಗೆದು ಮೂಗಿಗೆ ಹಿಡಿದ. ಮುಖ ಕಿವುಚಿದ.

"ಮುಗ್ಗಲು ವಾಸನೆ," ಎಂದ. "ಈ ಮಾಲು ನಾನು ಇಳಿಸ್ಕೊಳ್ಳಲ್ಲ."

ನಾನು ಹೋಗಿ ಚೀಲದಲ್ಲಿ ಮೊಣಕೈತನಕ ಕೈ ಹಾಕಿದೆ. ಒಣ ಗೋಧಿ. ತಂಪು. ಮೂಸಿದೆ, ಹುಲ್ಲಿನ ವಾಸನೆ, ಬಿಸಿಲಿನ ವಾಸನೆ.

"ಎಲ್ಲಿ ಐತ್ರೀ ಮುಗ್ಗಲು?" ಎಂದೆ.

"ಆಂಟಿ, ವಯಸ್ಸಾದ ಮೇಲೆ ಮೂಗು ಸೂಕ್ಷ್ಮ ಇರಲ್ಲ," ಎಂದು ನಯವಾಗಿ ನಕ್ಕ.

"ಹಂಗಾದ್ರ ತಿರುಗಿ ಕಳಸ್ತೀವಿ ಬಿಡ್ರಿ."

ಆಗ ಅವನು ಇನ್ನೂ ಚೆನ್ನಾಗಿ ನಕ್ಕ. ಆ ನಗು ಇವತ್ತಿಗೂ ನನ್ನ ಕಣ್ಣೊಳಗಿದೆ. "ಗಡಿ ದಾಟಿದ ಮಾಲು ವಾಪಸ್ ಹೋಗಲ್ಲ ಆಂಟಿ. ಹೋದ್ರೂ ಬಾಡಿಗೆ ಯಾರು ಕೊಡ್ತಾರೆ? ನಿಮ್ಮ ಮಗಳ ಮುಖ ನೋಡಿ ಒಂದು ಸಹಾಯ ಮಾಡ್ತೀನಿ. ಮೇವಿನ ರೇಟಿಗೆ ನಾನೇ ತಗೋತೀನಿ. ದನದ ಡೈರಿಯವರಿಗೆ ಕೊಡ್ತೀನಿ."

ಮಗಳು ಅಲ್ಲಿಂದಲೇ ರೈತನಿಗೆ ಫೋನ್ ಮಾಡಿದಳು. ಅವನು, ಹೇರುವಾಗ ನಾನೇ ಮೂಸಿದ್ದೆನಲ್ಲ ಎಂದನಂತೆ. ಕಡೆಗೆ, ನಿನಗೆ ತಿಳಿದಂತೆ ಮಾಡು ಎಂದು ಇಟ್ಟ. ಮೇವಿನ ರೇಟಿಗೇ ಮಾಲು ಇಳಿಯಿತು, ರೈತನಿಗೆ ಸಿಕ್ಕಿದ್ದೂ ಅಷ್ಟೇ. ಆಮೇಲೆ ಅವನು ಮಗಳ ಫೋನು ಎತ್ತಲಿಲ್ಲ. ಅವನೊಬ್ಬನೇ ಅಲ್ಲ. ಅಲ್ಲಿ ರೈತರು ಬೆಳಿಗ್ಗೆ ಕಾಫಿಗೆ ಒಂದು ಕಡೆ ಸೇರುತ್ತಾರಂತೆ. ನಮ್ಮಲ್ಲಿ ಕಟ್ಟೆಯ ಮೇಲೆ ಕೂತ ಹಾಗೆಯೇ. ಆ ಹೆಂಗಸು ಲಾರಿ ಹೇರಿಸುತ್ತಾಳೆ, ದಾಟಿದ ಮೇಲೆ ಮುಗ್ಗಲು ಎನ್ನುತ್ತಾಳೆ ಎಂದು ಮಾತಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲು ಹಾಕಿದರು. ಗ್ಯಾರೇಜಿನ ಮೇಜಿನ ಮೇಲೆ ಧೂಳು ಕೂತಿತು. ಮಗಳು ಆ ಕಡೆ ಹೋಗುವುದನ್ನೇ ಬಿಟ್ಟಳು. ಬಟ್ಟೆ ಒಗೆಯುವ ಮಷೀನು ಅಲ್ಲೇ ಇದ್ದದ್ದರಿಂದ ಬಟ್ಟೆ ಹಾಕಲು ನನ್ನನ್ನು ಕಳಿಸುತ್ತಿದ್ದಳು.

ಮುಗ್ಗಲು ಎಂಬ ಮಾತು ನನಗೆ ಹೊಸದಲ್ಲ. ಊರಿನಲ್ಲಿ ನನ್ನ ಗಂಡ ಬಂಡಿ ತುಂಬ ಜೋಳ ಹೇರಿಕೊಂಡು ಪೇಟೆಗೆ ಹೋದರೆ ದಲಾಲಿ ಇದೇ ಹಾಡು ಹಾಡುತ್ತಿದ್ದ. ಚೀಲದೊಳಗೆ ಕೈ, ಮೂಗಿಗೆ ಹಿಡಿ, ಮುಖ ಕಿವುಚು. "ಬಂಡಿ ತಿರುವ್ಕೊಂಡು ಹೊಂಟೀಯೇನಪಾ?" ಎಂದು ಕೇಳುವುದು. ದಣಿದ ಎತ್ತು, ಮುಳುಗುವ ಹೊತ್ತು. ಗಂಡ ಕೊಟ್ಟು ಬರುತ್ತಿದ್ದ. ಬಂದು ನನ್ನ ಮೇಲೆ ಸಿಟ್ಟು ಮಾಡುತ್ತಿದ್ದ. ಆ ದಲಾಲಿ ಸುಖವಾಗಿ ಬಾಳಿ, ಸುಖವಾಗಿ ಸತ್ತ. ಅವನಿಗೆ ನಾನು ಏನೂ ಮಾಡಲಾಗಲಿಲ್ಲ. ಈ ಸಲ ಬಿಡಬಾರದು ಎಂದುಕೊಂಡೆ. ಸಮುದ್ರ ದಾಟಿ ಬಂದರೂ ಅದೇ ಮೂಗು ಎದುರಿಗೆ ಬಂದರೆ ದೇವರೇ ಕಳಿಸಿದ್ದಾನೆ ಎಂದರ್ಥ.

ನವರಾತ್ರಿಗೆ ಆ ಶಾಲಿನವನ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದಳು. ಒಳ್ಳೆಯ ಹೆಂಗಸು. ಕೈಯಲ್ಲಿ ಹೊಸ ಹಿಟ್ಟಿನ ಚೀಲ. ಅದರ ಮೇಲೆ ತೆನೆಯ ಚಿತ್ರ.

"ತಗೊಳ್ಳಿ ಆಂಟಿ. ನಿಮ್ಮ ರೈತನ ಗೋಧೀನೇ ಇದು! ಲಾರಿ ತುಂಬ ಬಂತಲ್ಲ, ಅದು. ಎಷ್ಟು ಚೆನ್ನಾಗಿ ಹಿಟ್ಟಾಗಿದೆ ನೋಡಿ. ಅಂಗಡಿಗಳಲ್ಲಿ ನಿಲ್ತಾನೇ ಇಲ್ಲ."

ಮಗಳ ಕೈಯಲ್ಲಿದ್ದ ತಟ್ಟೆ ಓರೆಯಾಯಿತು. ನಾನು ತಟ್ಟೆ ಹಿಡಿದೆ. ಆ ಹೆಂಗಸಿಗೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಉಡಿ ತುಂಬಿ ಕಳಿಸಿದೆ. ಅವಳಿಗೇನೂ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಆ ಹಿಟ್ಟನ್ನೇ ಕಲೆಸಿ ಚಪಾತಿ ಮಾಡಿದೆ. ಹಂಚಿನ ಮೇಲೆ ಚೆಂಡಿನಂತೆ ಉಬ್ಬಿದವು. ನಾನು ತಿಂದೆ. ಮಗಳು ಮುಟ್ಟಲಿಲ್ಲ.

"ಅತ್ತೀ, ಏನೂ ಮಾಡಾಕ ಬರೂದಿಲ್ರಿ," ಎಂದ ಅಳಿಯ. "ವಾಸನಿ ಬಂದ್ರ ರಿಜೆಕ್ಟ್ ಮಾಡಬಹುದು ಅಂತ ಕಾಂಟ್ರಾಕ್ಟ್‌ನ್ಯಾಗ ಐತಿ. ಬಂದಿತ್ತು ಅಂತಾನ ಅವ. ಇಲ್ಲ ಅಂತೀವಿ ನಾವು. ವಾಸನಿಗೆ ಪ್ರೂಫ್ ಎಲ್ಲಿಂದ ತರೂದು?"

ಅಳಿಯ ಹೇಳಿದ್ದು ಸರಿ. ವಾಸನೆಗೆ ಸಾಕ್ಷಿ ಇಲ್ಲ. ಆದರೆ ಅದು ಎರಡೂ ಕಡೆ ಬೀಸುತ್ತದಲ್ಲ! ಇಲ್ಲದ ಮುಗ್ಗಲನ್ನು ಅವನು ನನ್ನ ಮಗಳಿಗೆ ಅಂಟಿಸಿದ. ಇಲ್ಲದ ಮುಗ್ಗಲನ್ನು ನಾನು ಅವನಿಗೆ ಯಾಕೆ ಅಂಟಿಸಬಾರದು?

ನಾನು ಸುಳ್ಳು ಹೇಳಲಿಲ್ಲ. ಅವನ ಹಿಟ್ಟು ಕೆಟ್ಟದ್ದು ಎಂದು ಒಮ್ಮೆಯೂ ಅನ್ನಲಿಲ್ಲ. ಅವನನ್ನು ಮುಗ್ಗಲು ಎಂದು ಕರೆಯಲು ಶುರುಮಾಡಿದೆ, ಅಷ್ಟೇ. ನಮ್ಮ ಕಡೆಯ ಹೆಂಗಸರು ಫೋನ್ ಮಾಡಿದಾಗ, "ಮುಗ್ಗಲು ಅವರ ಮನ್ಯಾಗ ಗೊಂಬಿ ಇಟ್ಟಾರಂತ," ಎನ್ನುವುದು. "ಮುಗ್ಗಲು ಅವರ ಹೊಸಾ ಕಾರ್ ನೋಡಿದ್ರೇನ್ರಿ?" ಎನ್ನುವುದು. ಮೊದಲು ನಕ್ಕರು. ಆಮೇಲೆ ಯಾಕೆ ಎಂದು ಕೇಳಿದರು. ಲಾರಿಯ ಕಥೆ ಹೇಳಿದೆ. ಆಮೇಲೆ ಅವರೂ ಅದೇ ಹೆಸರಿನಿಂದ ಕರೆದರು. ಉಡುಪಿ ಕಡೆಯ ಹೋಟೆಲಿನವರ ಮನೆಗೂ ಅದು ಮುಟ್ಟಿತು. ಅಲ್ಲಿಯ ಯಜಮಾನಿ "ಹೌದಾ ಮಾರಾಯ್ತಿ!" ಎಂದು ಎರಡು ಸಲ ಹೇಳಿಸಿಕೊಂಡಳಂತೆ.

ಒಂದು ದಿನ ಮೊಮ್ಮಗಳು ಕೇಳಿದಳು. ಅವಳು ಅಮೆರಿಕದಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

"ಅಜ್ಜಿ, ಈಸ್ ಮುಗ್ಗಲು ಹಿಸ್ ಲಾಸ್ಟ್ ನೇಮ್?"

"ಅಂದ್ರ ಏನವಾ?"

"ಲೈಕ್... ಅಡ್ಡಹೆಸರು?"

"ಹೂಂ. ಅಡ್ಡಹೆಸರು," ಎಂದೆ.

ಇದರಲ್ಲೇನು ಸುಳ್ಳು? ನಮ್ಮ ಕಡೆ ಅಡ್ಡಹೆಸರು ಎಂದರೆ ಮನೆತನದ ಹೆಸರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲ, ಜೋಳ, ಅಜ್ಜ ಏನು ಮಾರಿದನೋ ಅದು ಮೊಮ್ಮಗನ ಪಾಸ್‌ಪೋರ್ಟಿನಲ್ಲಿ ಇರುತ್ತದೆ. ಅವಳ ಗೆಳತಿಯರಲ್ಲೇ ಇಬ್ಬರು ಮೂವರಿಗೆ ಅಂಥ ಹೆಸರುಗಳು. ಬೆಂಗಳೂರಿನವರಿಗೆ ಅಡ್ಡಹೆಸರು ಎಂದರೆ ಚೇಷ್ಟೆಗೆ ಇಟ್ಟದ್ದು. ಮೊಮ್ಮಗಳು ನಮ್ಮ ಅರ್ಥದಲ್ಲಿ ಕೇಳಿದಳು, ನಾನು ಅವರ ಅರ್ಥದಲ್ಲಿ ಹೂಂ ಎಂದೆ. ಮಾತು ಒಂದೇ. ಅವಳು ಅದನ್ನು ಎಲ್ಲಿಗೆ ಒಯ್ಯುತ್ತಾಳೆ ಎಂದು ಮಾತ್ರ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ತಲೆಗೆ ಎಣ್ಣೆ ಹಚ್ಚಿ ಹೆಣೆದು, ಹೊಸ ಲಂಗ ಹಾಕಿ ಕಳಿಸುತ್ತಿದ್ದೆ.

ಯುಗಾದಿ ಬಂತು. ಬಾಡಿಗೆಗೆ ಹಿಡಿದ ಸ್ಕೂಲಿನ ದೊಡ್ಡ ಹಾಲ್. ಲಾಸ್ ಏಂಜಲೀಸಿನವರು, ಸ್ಯಾನ್ ಡಿಯಾಗೊದವರು ಎಲ್ಲ ಸೇರಿದ್ದರು. ಮಕ್ಕಳ ಕೈಯಲ್ಲಿ ಸ್ವಾಗತ ಮಾಡಿಸಬೇಕೆಂದು ತೀರ್ಮಾನವಾಗಿತ್ತು. ಊಟಕ್ಕೆ ದಿನಸಿ ಕೊಟ್ಟವರನ್ನು ವೇದಿಕೆಗೆ ಕರೆಯುವ ಕೆಲಸ ಮೊಮ್ಮಗಳದು. ಯಾರೋ ಸ್ಪಷ್ಟ ಕನ್ನಡದಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಅವನ ಮೊದಲ ಹೆಸರನ್ನಷ್ಟೇ ಹೇಳಿದ್ದರು. ನನ್ನ ಮೊಮ್ಮಗಳು ಶಿಸ್ತಿನ ಹುಡುಗಿ. ಬರೀ ಮೊದಲ ಹೆಸರು ಹೇಳಿದರೆ ಹಿರಿಯರಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ ಎಂದುಕೊಂಡಳು.

ಮೈಕಿನ ಮುಂದೆ ನಿಂತು, ಕೈಮುಗಿದು, ಗಂಟೆ ಬಾರಿಸಿದ ಹಾಗೆ ಹೇಳಿದಳು: "ಇವತ್ತಿನ ಊಟದ ಚಪಾತಿ ಹಿಟ್ಟನ್ನು ಕೊಟ್ಟಿರುವ ಶ್ರೀಯುತ ಮುಗ್ಗಲು ಅಂಕಲ್ ಅವರನ್ನು ವೇದಿಕೆಗೆ ಆದರದಿಂದ ಕರೆಯುತ್ತೇನೆ."

ಅವನು ಆಗಲೇ ಶಾಲು ಸರಿಮಾಡಿಕೊಂಡು ಎದ್ದಿದ್ದ. ಅರ್ಧ ಎದ್ದವನು ಹಾಗೇ ನಿಂತ. ಮೊದಲು ನಮ್ಮ ಕಡೆಯ ಸಾಲು ನಕ್ಕಿತು. ಆಮೇಲೆ ಅವರ ಹಿಂದಿನ ಸಾಲು. ಅರ್ಥವಾಗದವರಿಗೆ ಪಕ್ಕದವರು ಹೇಳಿದರು, ಅವರೂ ನಕ್ಕರು. ಹಾಲ್ ಪೂರ್ತಿ ನಕ್ಕಿತು. ಮಗು ತನ್ನ ಕನ್ನಡ ತಪ್ಪಿತೇನೋ ಎಂದು ಹೆದರಿ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿತು.

ಊಟದ ಸಾಲಿನಲ್ಲಿ ಒಬ್ಬ ಹುಡುಗು ಬುದ್ಧಿಯ ಗಂಡಸು ಚಪಾತಿಯನ್ನು ಮೂಗಿನ ಹತ್ತಿರ ಹಿಡಿದು, "ಏನ್ರೀ, ಸ್ಪಾನ್ಸರ್ ವಾಸನೆ ಬರ್ತಿದೆಯಲ್ಲ!" ಎಂದ. ಆಗ ಬಡಿಸುವವರೂ ನಕ್ಕರು.

ಅಲ್ಲಿಂದ ಮುಂದೆ ನನ್ನ ಕೆಲಸ ಏನೂ ಉಳಿಯಲಿಲ್ಲ. ಅಂಗಡಿಗಳಲ್ಲಿ ಹೆಂಗಸರು ಆ ಹಿಟ್ಟಿನ ಚೀಲ ಎತ್ತಿ, ಮೂಸಿ, ಇಡತೊಡಗಿದರು. ಒಳ್ಳೆಯ ಹಿಟ್ಟೇ. ಆದರೆ ಮುಗ್ಗಲು ಎಂದುಕೊಂಡು ಮೂಸಿದರೆ ಮಲ್ಲಿಗೆಯೂ ಮುಗ್ಗಲೇ. ಅವನು ಚೀಲದ ಬಣ್ಣ ಬದಲಿಸಿದ. ತೆನೆಯ ಚಿತ್ರ ತೆಗೆದು ತಾಯಿ ಮಗುವಿನ ಚಿತ್ರ ಹಾಕಿದ. ಮಂದಿ "ಮುಗ್ಗಲು ಅವರದು ಹೊಸಾ ಚೀಲ ಬಂದದ," ಎಂದರು. ಅವನ ಹೆಂಡತಿ ನನ್ನ ಕಂಡರೆ ಮುಖ ತಿರುಗಿಸಿದಳು. ಪಾಪ ಎನ್ನಿಸಿತು. ಎನ್ನಿಸಿದ್ದು ಅಷ್ಟೇ.

ಒಂದು ಮಧ್ಯಾಹ್ನ ಅವನೇ ನಮ್ಮ ಮನೆಗೆ ಬಂದ. ಶಾಲು ಇರಲಿಲ್ಲ. ಮಗಳು ನೀರು ಕೊಟ್ಟು ಗೋಡೆಗೆ ಒರಗಿ ನಿಂತಳು.

"ಆಂಟಿ, ಆ ಹೆಸರು ತೆಗೀರಿ," ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ."

"ಬಿದ್ದೀಯಲ್ಲೋ ಹಿಂದಽ ಒಮ್ಮೆ. ಕಾಲು ಸಾಕು. ಮೊದಲ ಆ ಮುದುಕಗ ಫೋನ್ ಹಚ್ಚು. ನಿನ್ನ ಗೋಧಿಗೆ ವಾಸನಿ ಇರಲಿಲ್ಲ, ದರ ಇಳೀತು ಅಂತ ನಾನಽ ಸುಳ್ಳು ಹೇಳಿದೆ, ಈ ಹೆಣ್ಣುಮಗಳದು ತಪ್ಪಿಲ್ಲ ಅಂತ ಹೇಳು. ಆಮ್ಯಾಲೆ ನೋಡೋಣು."

ಅವನು ಮಗಳ ಕಡೆ ನೋಡಿದ. ಮಗಳು ಮುದುಕನ ನಂಬರ್ ಬರೆದು ಅವನ ಮುಂದೆ ಇಟ್ಟಳು; ನಮ್ಮ ಫೋನನ್ನು ಮುದುಕ ಎತ್ತುವುದಿಲ್ಲವೆಂದು ಅವನ ಫೋನಿನಿಂದಲೇ ಹಚ್ಚಲು ಹೇಳಿದಳು. ಇಂಗ್ಲಿಷಿನಲ್ಲಿ ಮಾತು ತಿರುಚಿಬಿಟ್ಟಾನು ಎಂದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಫೋನಿನ ಮಾತು ಎಲ್ಲರಿಗೂ ಕೇಳುವ ಹಾಗೆ ಮಗಳು ಗುಂಡಿ ಒತ್ತಿದಳು. ಅವನು ಎಲ್ಲ ಹೇಳಿದ. ನಡುವೆ "ಮಿಸ್‌ಅಂಡರ್‌ಸ್ಟ್ಯಾಂಡಿಂಗ್" ಎಂಬ ಒಂದು ಉದ್ದ ಮಾತು ಬಂತು. ಅದೇನು ಎಂದು ಮೊಮ್ಮಗಳನ್ನು ಕೇಳಿದೆ. ಹೇಳಿದಳು.

"ಅದು ಬ್ಯಾಡ," ಎಂದೆ. "ಸುಳ್ಳು ಅನ್ನು."

ಸುಳ್ಳು ಎಂದ. ಆ ಕಡೆಯಿಂದ ಮುದುಕ, ಅಜ್ಜಿ ಇದ್ದಾಳೆಯೇ ಎಂದು ಕೇಳಿದ. ನಾನು ಫೋನಿಗೆ ಬಗ್ಗಿದೆ.

"ಗುಡ್ ವೀಟ್?" ಎಂದ ಅವನು.

"ಗುಡ್ ವೀಟ್," ಎಂದೆ. ನನಗೆ ಬರುವ ಇಂಗ್ಲಿಷಿನಲ್ಲಿ ಅದೊಂದು ಮಾತು ಸಾಕಾಯಿತು. ಅವನು ಮಗಳ ಹೆಸರು ಹಿಡಿದು ಕರೆದು, ಸುಗ್ಗಿಯ ಮೇಲೆ ಫೋನ್ ಮಾಡು ಎಂದ. ಮಗಳು ಬರೀ ಗೋಣು ಹಾಕಿದಳು. ಫೋನಿನಲ್ಲಿ ಗೋಣು ಹಾಕಿದರೆ ಯಾರಿಗೆ ಕಾಣುತ್ತದೆ? ನಾನೇ ಹೂಂ ಎಂದೆ.

ಫೋನು ಇಟ್ಟ ಮೇಲೆ ಅವನು ಹಣೆ ಒರೆಸಿಕೊಂಡ. "ಈಗಲಾದ್ರೂ ಆ ಹೆಸರು ವಾಪಸ್ ತಗೊಳ್ಳಿ ಆಂಟಿ."

ಈ ಮಾತಿಗಾಗಿ ನಾನು ಗೋದಾಮಿನ ಬಾಗಿಲಿನಿಂದ ಇಲ್ಲಿಯವರೆಗೆ ಕಾದಿದ್ದೆ.

"ಬಾಯಿ ದಾಟಿದ ಮಾಲು ವಾಪಸ್ ಬರೂದಿಲ್ಲೋ ತಮ್ಮಾ," ಎಂದೆ. "ಬಂದ್ರೂ ಬಾಡಿಗಿ ಯಾರು ಕೊಡ್ತಾರ? ನಿನ್ನ ಮಾರಿ ನೋಡಿ ಒಂದು ಸಹಾಯ ಮಾಡ್ತೀನಿ. ಮೇವಿನ ರೇಟಿಗೆ ನೀನಽ ತಗೋ."

"ಹೆಸರು ತೆಗೀತೀನಿ ಅಂದ್ರಲ್ಲ!"

"ನೋಡೋಣು ಅಂದಿದ್ದೆ. ನೋಡಿದೆ."

ಅವನು ನೀರು ಕುಡಿಯದೆ ಎದ್ದು ಹೋದ. ಬಾಗಿಲಲ್ಲಿ ಮೊಮ್ಮಗಳು, ಹಿರಿಯರನ್ನು ಕಳಿಸಿಕೊಡುವ ರೀತಿ ಕಲಿತವಳು, "ಬೈ, ಮುಗ್ಗಲು ಅಂಕಲ್!" ಎಂದು ಕೈ ಬೀಸಿದಳು. ಅವಳಿಗೆ ಇನ್ನೂ ಯಾರೂ ತಿಳಿಸಿ ಹೇಳಿರಲಿಲ್ಲ.

"ಯವ್ವಾ, ಇದು ಭಾಳ ಆತು," ಎಂದಳು ಮಗಳು. ಆದರೆ ಗ್ಯಾರೇಜಿಗೆ ಹೋಗಿ ಮೇಜು ಒರೆಸಿದಳು.

ಸುಗ್ಗಿ ಮುಗಿದ ಮೇಲೆ ಮುದುಕನ ಗೋಧಿ ಬಂತು. ಅವನ ಬೆನ್ನಿಗೆ ಕಾಫಿಯ ಕಟ್ಟೆಯ ಉಳಿದವರದೂ ಬಂತು. ಮಗಳು ಬೇರೆ ಗಿರಣಿ ಹುಡುಕಿಕೊಂಡಿದ್ದಳು. ಈಗ ಲಾರಿ ಹೊರಡುವ ಮೊದಲೇ, ಮೂಸುವವನು ಡ್ರೈವರನ ಎದುರಿಗೇ ಮೂಸಬೇಕು, ವಾಸನೆ ಇದ್ದರೆ ಇಬ್ಬರೂ ಹೌದು ಎನ್ನಬೇಕು ಎಂದು ಕರಾರು ಮಾಡಿಸಿದ್ದಾಳೆ. ಒಬ್ಬನ ಮೂಗಿನ ಮೇಲೆ ವ್ಯಾಪಾರ ಬಿಡುವುದಿಲ್ಲ.

ನಮ್ಮ ಮುಗ್ಗಲು ಒಂದೆರಡು ವರ್ಷ ಏಗಿದ. ಕಡೆಗೆ ಗೋದಾಮು, ಗಿರಣಿ ಕೊಟ್ಟು ಟೆಕ್ಸಸ್ ಕಡೆಗೆ ಹೋದ. ಹೋದವನು ಅಲ್ಲಿಯೂ ಹಿಟ್ಟಿನ ವ್ಯಾಪಾರವನ್ನೇ ಹಿಡಿದ. ಒಂದು ಭಾನುವಾರ ಆ ಊರಿನಿಂದ ಕನ್ನಡದ ಹೆಂಗಸೊಬ್ಬಳು ಮಗಳಿಗೆ ಫೋನ್ ಮಾಡಿದಳು. ನಿಮ್ಮ ಕಡೆಯಿಂದ ಒಬ್ಬರು ಬಂದಿದ್ದಾರೆ, ಯುಗಾದಿಗೆ ಹಿಟ್ಟು ಕೊಡುತ್ತೇನೆ ಎನ್ನುತ್ತಾರೆ, ವೇದಿಕೆಗೆ ಕರೆಯಬೇಕು, ಅವರ ಪೂರ್ತಿ ಹೆಸರೇನು ಎಂದು ಕೇಳಿದಳಂತೆ. ಮಗಳು ಫೋನಿನ ಬಾಯಿ ಮುಚ್ಚಿ ನನ್ನ ಕಡೆ ನೋಡಿದಳು.

ನಾನು ಕೈ ಚಾಚಿದೆ. "ಕೊಡು ಇಲ್ಲೆ," ಎಂದೆ.